ಎರವಲು ದನಿ

ನಮ್ಮೂರಲ್ಲಿ ಚಪಾತಿ ಉಬ್ಬಿದಾಗ ದನಿ ಮಾಡುತ್ತದೆ. ಹೊರಗಿನಿಂದ ಬಂದವರು ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡು ಒಲೆಯ ಕಡೆ ಓಡುತ್ತಾರೆ. ನಮಗೋ, ಬೇರೆ ಊರಿನ ಮೂಕ ಚಪಾತಿ ಕಂಡರೇ ವಿಚಿತ್ರ. ಹಿಟ್ಟಿಗೆ ಏನಾದರೂ ರೋಗವಿರಬಹುದೇ ಎಂದು ತಟ್ಟೆಯ ಮುಂದೆ ಅನುಮಾನಿಸುತ್ತಾ ಕೂರುತ್ತೇವೆ. ಹಂಚಿನ ಮೇಲೆ ಎರಡೂ ಮಗ್ಗುಲು ಬೆಂದ ಚಪಾತಿಯನ್ನು ಕೆಂಡದ ಮೇಲೆ ಹಾಕಬೇಕು. ಅದು ಹೊಟ್ಟೆ ತುಂಬ ಉಸಿರು ತುಂಬಿಕೊಂಡು ಉಬ್ಬುತ್ತದೆ, ಅಂಚಿನಲ್ಲಿ ಎಲ್ಲೋ ಒಂದು ಕಡೆ ಸಣ್ಣ ಬಾಯಿ ಬಿಡುತ್ತದೆ, ಆಗ ದನಿ ಬರುತ್ತದೆ. ಒಂದೊಂದು ಮನೆತನಕ್ಕೂ ಅದರದೇ ಗೋಧಿ, ಒಂದೊಂದು ಗೋಧಿಗೂ ಅದರದೇ ದನಿ.

ದೀಪ ಹಚ್ಚುವ ಹೊತ್ತಿಗೆ ಊರಿಗೆ ಊರೇ ಚಪಾತಿ ಹಾಕುತ್ತದೆ. ಅಷ್ಟು ಗದ್ದಲದಲ್ಲೂ ಮಕ್ಕಳು ತಮ್ಮ ಮನೆಯ ದನಿಯನ್ನು ಹೆಕ್ಕಿ ತೆಗೆದು, ಲಗೋರಿ ಆಡುತ್ತಿದ್ದ ಕಲ್ಲುಗಳನ್ನು ಅಲ್ಲೇ ಬಿಟ್ಟು ಮನೆ ಕಡೆ ಓಡುತ್ತಾರೆ. ಚಪಾತಿ ದನಿ ಮಾಡುವಾಗ ಯಾರೂ ಮಾತಾಡಬಾರದು. ಜಗಳಕ್ಕೆ ನಿಂತ ಗಂಡ ಹೆಂಡಿರೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಾರೆ. ಬೆಳೆ ಕೆಟ್ಟು ಇನ್ನೊಬ್ಬರ ಗೋಧಿ ತಂದು ಉಣ್ಣುವ ಮನೆಗೆ ಎರವಲು ದನಿಯ ಮನೆ ಅನ್ನುತ್ತಾರೆ. ಹೀಯಾಳಿಸಿ ಅನ್ನುವುದಲ್ಲ. ಕಾಲು ಉಳುಕಿದವರನ್ನು ನೋವು ಇಳಿಯಿತೇ ಎಂದು ವಿಚಾರಿಸುವ ಹಾಗೆ, ದನಿ ಇನ್ನೂ ಎರವಲೇ ಇದೆಯೇ ಎಂದು ವಿಚಾರಿಸುತ್ತಾರೆ.

ನಾನು ಲೀಲಾವತಿ, ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರು. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ, ಒಂದೇ ಮನೆಯಲ್ಲಿ ಎರಡು ದನಿ ಆಗಿಬರುವುದಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ಅಪ್ಪ, ಇಬ್ಬರೇ. ಅಪ್ಪನ ಹೆಸರು ಚನ್ನವೀರಪ್ಪ. ನೇಗಿಲು ಹಿಡಿದ ಕಾಲದಲ್ಲಿ ಅವನ ಸಾಲಿಗೆ ದಾರ ಹಿಡಿದು ನೋಡಿದರೂ ಸೊಟ್ಟ ಸಿಗುತ್ತಿರಲಿಲ್ಲವಂತೆ. ನನಗೆ ನೆನಪಿರುವುದು ಅವನ ಬಿತ್ತನೆಯ ಬುಟ್ಟಿ. ಚಿಕ್ಕವಳಿದ್ದಾಗ ನಾನು ಕೂರಿಗೆಯ ಹಿಂದೆ ಹಿಂದೆಯೇ ಹೋಗಿ ಆ ಬುಟ್ಟಿಗೆ ಕೈ ಹಾಕಿ ಹಸಿ ಗೋಧಿ ಮುಕ್ಕುತ್ತಿದ್ದೆ. ಅಪ್ಪ ತಿರುಗಿಯೂ ನೋಡದೆ ಎರಡು ಬೆರಳಿನಿಂದ ನನ್ನ ಮಣಿಕಟ್ಟಿನ ಮೇಲೆ ಚಟ್ಟೆಂದು ಬಾರಿಸಿ, ‘ಗುಬ್ಬಿ, ಕೈ ತೋರಸು’ ಅನ್ನುತ್ತಿದ್ದ. ಎರಡೂ ಕೈ ಬಿಚ್ಚಿ ತೋರಿಸುವ ತನಕ ಎತ್ತು ಮುಂದೆ ಹೋಗುತ್ತಿರಲಿಲ್ಲ. ಹೀಗೆ ಮನೆಯಲ್ಲಿ ನನ್ನ ಹೆಸರೇ ಗುಬ್ಬಿ ಆಯಿತು. ಲೀಲಾವತಿ ಎಂಬ ಹೆಸರು ಹಾಜರಿ ಕೂಗುವವರಿಗೂ ಓಣಿಯವರಿಗೂ ಅಷ್ಟೇ ಬೇಕಾಗಿತ್ತು.

ಅಪ್ಪನಿಗೆ ಮರೆವು ಬಂದದ್ದು ನಿಧಾನವಾಗಿ. ಮೊದಲು ನೆಂಟರ ಹೆಸರು ಹೋದವು, ಆಮೇಲೆ ವಾರ, ಆಮೇಲೆ ಓಣಿಗಳು. ಕೊನೆಗೆ ನಾನೂ ಹೋದೆ. ಒಂದು ಬೆಳಿಗ್ಗೆ ಚಹಾ ಕೊಟ್ಟಾಗ ಎರಡೂ ಕೈಯಲ್ಲಿ ಲೋಟ ಇಸಿದುಕೊಂಡು, ‘ಭಾಳ ಉಪಕಾರ ಆತ್ರಿ ಅವ್ವಾರ, ನೀವು ಯಾರ ಪೈಕಿ?’ ಎಂದ. ಸ್ವಂತ ಅಪ್ಪ ಬಹುವಚನ ಹಚ್ಚಿ ಮಾತಾಡಿಸಿದರೆ ಹೇಗಾಗುತ್ತದೆ ಎಂಬುದನ್ನು ನಾನು ಬಣ್ಣಿಸಲಾರೆ. ಅಡುಗೆಮನೆಗೆ ಹೋಗಿ ಅತ್ತೆ. ಆದರೆ ಎಲ್ಲ ಮರೆತ ಅಪ್ಪ ಒಂದನ್ನು ಮರೆತಿರಲಿಲ್ಲ. ಹಗಲೆಲ್ಲ ಎಲ್ಲಿ ತಿರುಗಾಡುತ್ತಿದ್ದರೂ ಸಂಜೆ ನಮ್ಮ ಮನೆಯ ಚಪಾತಿ ದನಿ ಮಾಡಿದ ಕೂಡಲೇ ಬಂದು, ಕಾಲು ತೊಳೆದು, ತನ್ನ ಮಣೆಯ ಮೇಲೆ ಕೂತುಬಿಡುತ್ತಿದ್ದ.

ನಮ್ಮದು ಬಿಳಿ ಕಾಳಿನ ಗೋಧಿ. ಅದರ ದನಿ ಖಾಲಿ ಕೊಡದ ಬಾಯಿಗೆ ತುಟಿ ಹಚ್ಚಿ ಊದಿದಂತೆ ಮೆಲ್ಲಗೆ ಶುರುವಾಗಿ, ಕೊನೆಗೆ ಏನೋ ಕೇಳುವವರ ಹಾಗೆ ತುಸು ಮೇಲೇಳುತ್ತಿತ್ತು. ಪಕ್ಕದ ಮನೆ ಕಾಶಿ ಚಿಗವ್ವನದು ಕೆಂಪು ಕಾಳು. ಚಿಗವ್ವ ಸಂಬಂಧದಲ್ಲಿ ಏನೂ ಅಲ್ಲ. ಗೋಡೆ ಒಂದೇ ಆದ್ದರಿಂದ ಚಿಗವ್ವ. ಅವಳ ಗೋಧಿಯದು ಅವಳದೇ ಗಂಟಲು: ಭೋಂ ಎಂದು ಒಂದೇ ಸಲ ಹೊರಟು ನಾಲ್ಕು ಮನೆ ದಾಟುತ್ತಿತ್ತು.

ಆ ಚಳಿಗಾಲ ತುಕ್ಕು ರೋಗ ಬಂತು. ಹೊಲದಲ್ಲಿ ನಡೆದುಬಂದರೆ ಸೀರೆಯ ನಿರಿಗೆಗೆಲ್ಲ ಕೆಂಪು ಹುಡಿ. ಕಾಶಿ ಚಿಗವ್ವನ ಗೋಧಿಗೆ ಅದು ಮುಟ್ಟಲಿಲ್ಲ, ನಮ್ಮದು ನಿಂತಲ್ಲೇ ಸುಟ್ಟುಹೋಯಿತು. ಬಾವಿಯ ಕಾಲುವೆಯ ಪಕ್ಕ ಒಂದೇ ಒಂದು ತಡವಾದ ಗಿಡ ಇನ್ನೂ ಅರ್ಧ ಹಸಿರಾಗಿತ್ತು, ತೆನೆ ಆಗತಾನೇ ಹೊರಗೆ ಇಣುಕಿತ್ತು. ಕಾಳು ಕಟ್ಟುವ ತ್ರಾಣ ಅದಕ್ಕಿರಲಿಲ್ಲ, ಕಟ್ಟಿದ್ದರೂ ಜೊಳ್ಳು. ಪರಾಗ ಮಾತ್ರ ಇತ್ತು. ಅದನ್ನು ನೋಡುತ್ತಾ ನಿಂತವಳಿಗೆ ನಾನು ವರ್ಷ ವರ್ಷವೂ ಹತ್ತನೇ ಇಯತ್ತೆಗೆ ಹೇಳುವ ಬಟಾಣಿ ಪಾಠ ನೆನಪಾಯಿತು. ಗಂಡು ಇಲ್ಲಿದೆ, ಹೆಣ್ಣು ಪಕ್ಕದ ಹೊಲದಲ್ಲೇ ಇದೆ!

ಚಿಗವ್ವನ ಹೊಲದ ಬದುವಿನಲ್ಲಿ ಕೂತು, ಮುಳ್ಳು ತೆಗೆಯುವ ಚಿಮಟಿಗೆಯಿಂದ ಒಂದು ಎಳೆಯ ತೆನೆಯ ಹೂಗಳನ್ನು ಬಿಡಿಸಿದೆ. ಗೋಧಿಯ ಹೂವು ಹೂವಿನಂತೆಯೇ ಇರುವುದಿಲ್ಲ. ಹೊಟ್ಟಿನೊಳಗೆ ಮೂರು ಹಸಿರು ಚೀಲ, ನಡುವೆ ಗರಿಯಂಥದೊಂದು. ಆ ಮೂರು ಚೀಲ ಹಳದಿಗೆ ತಿರುಗಿ ಒಡೆದರೆ ಗೋಧಿ ತನ್ನನ್ನು ತಾನೇ ಮದುವೆಯಾಗಿ ಮುಗಿಯಿತು. ಅಷ್ಟರೊಳಗೆ ಚೀಲಗಳನ್ನು ಕಿತ್ತು, ತೆನೆಗೆ ಎಣ್ಣೆಕಾಗದದ ಟೊಪ್ಪಿಗೆ ಹಾಕಿ ದಾರ ಕಟ್ಟಬೇಕು. ಎರಡು ದಿನ ಬಿಟ್ಟು, ಬಿಸಿಲೇರಿದಾಗ, ನಮ್ಮ ರೋಗಿಷ್ಟ ತೆನೆಯನ್ನು ಮದುಮಗನಂತೆ ಹುಷಾರಾಗಿ ತಂದು ಟೊಪ್ಪಿಗೆಯ ಒಳಗೆ ತಿರುಗಿಸಿದೆ. ಚಿಗವ್ವ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದಳು.

‘ನಿನ್ನ ಮದುವಿ ಆಗಲಿಲ್ಲಂದ್ರೂ ಗೋಧಿಗರೆ ಮಾಡಸ್ತೀಯಲ್ಲ ಬಿಡು,’ ಅಂದಳು. ‘ಹೆಣ್ಣಿಗೆ ತೆರ ಏನ್ ಕೊಡ್ತಿ?’

‘ನಿನ್ನ ಹೊಲದಾಗಿನ ಹುಡಿಗಿಗೆ ನಮ್ಮಪ್ಪನ ದನಿ ಕೊಡ್ತೀನಿ ಚಿಗವ್ವ.’

‘ಭಾಳ ಆತು,’ ಎಂದು ನಕ್ಕು ಹೋದಳು.

ಆಗಿನ್ನೂ ಅದು ನನಗೆ ಹಟ ಮಾತ್ರ ಆಗಿತ್ತು. ಹಗೇವಿನ ನೆಲಗುಂಡಿಯ ಕಾವಿಗೆ ಮೊಳೆಯುವ ಗುಣ ಕಳೆದುಕೊಂಡು, ಉಣ್ಣಲಷ್ಟೇ ಬರುತ್ತಿದ್ದ ಹಳೆಯ ಗೋಧಿ ಮುಗಿದ ದಿನ ಅದು ಹಟವಾಗಿ ಉಳಿಯಲಿಲ್ಲ. ಚಿಗವ್ವನ ಗೋಧಿ ತಂದು ಬೀಸಿ ಚಪಾತಿ ಹಾಕಿದೆ. ಅಪ್ಪ ಬರಲಿಲ್ಲ. ಹುಡುಕಿದರೆ ಕೂಡುರಸ್ತೆಯ ಕಟ್ಟೆಯ ಹತ್ತಿರ ತಲೆ ಒಂದು ಕಡೆ ವಾಲಿಸಿ, ಕಿವಿ ಕೊಟ್ಟು ನಿಂತಿದ್ದ.

‘ಮನೀಗೆ ನಡಿಯಪ್ಪಾ,’ ಎಂದೆ.

‘ನಮ್ಮ ಮನ್ಯಾಗ ಇನ್ನೂ ಚಪಾತಿ ಹಾಕಿಲ್ರಿ ಅವ್ವಾರ. ಹಾಕಿದ ಕೂಡ್ಲೆ ಹೋಗ್ತೀನಿ. ನೀವು ನಡೀರಿ.’

ಅಂದಿನಿಂದ ಪ್ರತಿ ಸಂಜೆ ಇದೇ ಆಯಿತು. ಊರಿನ ದನಿಗಳೆಲ್ಲ ಮುಗಿದು ಓಣಿ ತಣ್ಣಗಾದ ಮೇಲೆ ನಾನೂ ಚಿಗವ್ವನೂ ಅವನನ್ನು ರಟ್ಟೆ ಹಿಡಿದು ಕರೆತರುತ್ತಿದ್ದೆವು. ಬಂದರೂ ಮಣೆಯ ಮೇಲೆ ಕೂರುತ್ತಿರಲಿಲ್ಲ. ಪರರ ಮನೆಗೆ ಬಂದವನ ಹಾಗೆ ಬಾಗಿಲ ಬಳಿ ಸಂಕೋಚದಿಂದ ಕೂತು, ಎರಡು ತುತ್ತು ತಿಂದು ಸಾಕು ಅನ್ನುತ್ತಿದ್ದ. ಅವನ ಅಂಗಿಯ ಹೆಗಲು ಜೋಲತೊಡಗಿತು. ಒಂದು ಸಂಜೆ ಕಟ್ಟೆಯ ಹತ್ತಿರವೂ ಇರಲಿಲ್ಲ. ಎಲ್ಲೋ ಹೊಲದಲ್ಲಿ ಪಂಪಿನ ಪೈಪು ಗಾಳಿ ಊದಿದ್ದನ್ನು ಕೇಳಿ, ನಮ್ಮ ಚಪಾತಿಯೇ ಎಂದು ನಡೆದುಹೋಗಿ, ಕಟ್ಟೆಯಿಲ್ಲದ ಬಾವಿಯ ಅಂಚಿನಲ್ಲಿ ನಿಂತು ಕೆಳಗೆ ಕಿವಿ ಕೊಟ್ಟು ಆಲಿಸುತ್ತಿದ್ದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮುಗಿದಿತ್ತು. ಆವತ್ತು ಮನೆಗೆ ಬಂದು ಆ ಟೊಪ್ಪಿಗೆಯ ತೆನೆಯಿಂದ ಸಿಕ್ಕ ಐದು ಕಾಳನ್ನು ಅಂಗೈಯಲ್ಲಿಟ್ಟು ನೋಡಿದೆ. ಅಪ್ಪ ಹೋಗುವುದರೊಳಗೆ ಈ ಕಾಳಿನೊಳಗಿಂದ ಆ ದನಿಯನ್ನು ಹೊರಗೆ ಎಳೆಯಬೇಕು, ಅಷ್ಟೆ.

ಐದರಲ್ಲಿ ಮೂರು ಮೊಳೆತವು. ಹಿತ್ತಲಲ್ಲಿ ಒಡೆದ ಕೊಡಗಳಲ್ಲಿ ಬೆಳೆಸಿದೆ, ಕೂಸಿನ ಹಾಗೆ ಕಾದೆ. ತುಕ್ಕು ಹತ್ತಿರ ಸುಳಿಯಲಿಲ್ಲ. ಒಂದು ಗಿಡದ ಕಾಳನ್ನು ಬೀಸಿ ಅಂಗೈಯಗಲದ ಒಂದು ಚಪಾತಿ ಮಾಡಿದಾಗ ಓಣಿಯ ಹೆಂಗಸರೆಲ್ಲ ನಮ್ಮ ಅಡುಗೆಮನೆಯಲ್ಲಿ. ಚಪಾತಿ ಉಬ್ಬಿತು, ಬಾಯಿ ಬಿಟ್ಟಿತು, ಭೋಂ ಎಂದಿತು. ಅಪ್ಪಟ ಕಾಶಿ ಚಿಗವ್ವ.

ಚಿಗವ್ವನಿಗೆ ನಗು ತಡೆಯಲಾಗಲಿಲ್ಲ. ‘ತಾಯಿಯಂತೆ ಮಗಳು, ನೂಲಿನಂತೆ ಸೀರಿ. ನಿಮ್ಮಪ್ಪನ ಮೂಗಿನ ತುದಿನೂ ಬಂದಿಲ್ಲ ನೋಡವಾ ಲೀಲಾ,’ ಅಂದಳು. ಆಮೇಲೆ ನನ್ನ ಮುಖ ನೋಡಿ, ನಕ್ಕದ್ದು ತಪ್ಪಾಯಿತೇನೋ ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆದರೆ ನಾನೂ ನಗುತ್ತಿದ್ದೆ. ಹೀಗೆಯೇ ಆಗಬೇಕಿತ್ತು! ಎತ್ತರದ ಬಟಾಣಿಗೂ ಗಿಡ್ಡ ಬಟಾಣಿಗೂ ಹುಟ್ಟಿದ ಮಕ್ಕಳೆಲ್ಲ ಎತ್ತರವೇ ಆಗುತ್ತವೆ. ಗಿಡ್ಡತನ ಸಾಯುವುದಿಲ್ಲ, ಒಳಗೆ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ಮೊಮ್ಮಕ್ಕಳ ಕಾಲಕ್ಕೆ ನಾಲ್ಕರಲ್ಲಿ ಒಂದಾಗಿ ಮತ್ತೆ ಎದ್ದು ಬರುತ್ತದೆ. ಇದನ್ನು ಚಿಗವ್ವನಿಗೆ ಹೇಳಿದಾಗ ಅವಳು ಒಂದು ಕ್ಷಣ ಯೋಚಿಸಿ, ‘ಅಂದ್ರ ನನ್ನ ಮೊಮ್ಮಗಗ ನಮ್ಮ ಮಾವನ ಕಿವಿ ಬಂದಂಗ,’ ಅಂದಳು. ಹತ್ತನೇ ಇಯತ್ತೆಯವರಿಗೆ ಇದು ಇಷ್ಟು ಬೇಗ ತಲೆಗೆ ಹೋಗುವುದಿಲ್ಲ.

ಉಳಿದ ಎರಡು ಗಿಡದ ಕಾಳಿನಲ್ಲಿ ಅರ್ಧವನ್ನು ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟೆ. ಅಪ್ಪ ಕಲಿಸಿದ, ಬಿಳಿ ಗೋಧಿ ಸುಟ್ಟ ವರ್ಷ ನಾನು ಮರೆತಿದ್ದ ಪಾಠ ಅದು, ಎಂದೂ ಬೀಜವನ್ನೆಲ್ಲ ಒಂದೇ ವರ್ಷ ಬಿತ್ತಬಾರದು. ಇನ್ನರ್ಧವನ್ನು ಮರುವರ್ಷ ಚಿಗವ್ವನ ಹೊಲದ ಒಂದು ಮೂಲೆಯಲ್ಲಿ, ಗಿಡಗಿಡಕ್ಕೂ ಮೊಳ ಜಾಗ ಬಿಟ್ಟು ಊರಿದೆ. ಗಿಡಗಳು ಬುಡದಿಂದ ತೆಂಡೆಯೊಡೆದು ಹರಡಿಕೊಂಡವು. ಸುಗ್ಗಿ ಹತ್ತಿರ ಬಂದಂತೆ ನನಗೆ ಶಾಲೆಯಲ್ಲಿ ಪಾಠ ಹೇಳುವಾಗಲೂ ಕಿವಿಯಲ್ಲಿ ಅದೇ ದನಿ. ನಾಲ್ಕರಲ್ಲಿ ಒಂದು! ಮೂಲೆಗೆ ಮೂಲೆಯೇ ಅಪ್ಪನಿಂದ ತುಂಬಿಹೋಗಿದೆ ಅನ್ನಿಸುತ್ತಿತ್ತು.

ನಮ್ಮೂರಲ್ಲಿ ಓಣಿಪಾಲು ಎಂದೊಂದು ಪದ್ಧತಿ. ಯಾವುದೇ ಹೊಸ ಗೋಧಿ ಮೊದಲ ಸಲ ರಾಶಿಯಾದಾಗ ಅದನ್ನು ಒಟ್ಟಿಗೆ ಬೀಸಿ ಚಪಾತಿ ಮಾಡಿ, ಇಡೀ ಓಣಿ ಒಂದೊಂದು ತುತ್ತು ತಿನ್ನಬೇಕು. ತಿಂದ ಮೇಲೇ ಆ ಗೋಧಿ ಊರಿನದಾಗುವುದು. ನನ್ನ ಗೋಧಿಯನ್ನು ಗಿಡಗಿಡ ಬೇರೆ ಮಾಡಿ ನೋಡಬೇಕು ಎಂದು ನನಗೆ ಗೊತ್ತಿತ್ತು, ಆದರೆ ಅದನ್ನು ಬಾಯಿ ಬಿಟ್ಟು ಹೇಳಬೇಕು ಎಂದು ತೋಚಿರಲಿಲ್ಲ. ನಾನು ಪರೀಕ್ಷೆಯ ಕೆಲಸಕ್ಕೆ ಹೋದ ಒಂದು ಹಗಲಿನಲ್ಲಿ ಚಿಗವ್ವ ಓಣಿಯ ಹೆಂಗಸರನ್ನು ಕರೆದುಕೊಂಡು, ಪಾಪ, ನನಗೆ ಖುಷಿಯಾಗಲಿ ಎಂದು, ಒಣಗಿದ ಗಿಡಗಳನ್ನೆಲ್ಲ ಕೊಯ್ದು, ಬಡಿದು, ಒಂದೇ ರಾಶಿ ಮಾಡಿ ಬೀಸಿಬಿಟ್ಟಿದ್ದಳು. ನಾನು ಬಂದಾಗ ಓಣಿಯ ತುಂಬ ಭೋಂ, ಭೋಂ.

‘ಬಾರವಾ, ನಿನ್ನ ಗೋಧಿ ಊರಿಂದಾತು,’ ಎಂದು ಚಿಗವ್ವ ನನ್ನ ಬಾಯಿಗೆ ತುತ್ತು ಹಿಡಿದಳು. ತುತ್ತು ಬಾಯಲ್ಲಿದ್ದಂತೆಯೇ ನಾನು ಕಟ್ಟೆಯ ಮೇಲೆ ಕುಸಿದು ಕೂತೆ. ಹಿಟ್ಟು ಬೆರೆತರೆ ಗಟ್ಟಿ ದನಿಯೇ ಗೆಲ್ಲುತ್ತದೆ. ಮೆತ್ತಗಿನದು ಅಲ್ಲೇ ಇದ್ದರೂ ಕೇಳುವುದಿಲ್ಲ. ಅಪ್ಪನ ದನಿಯನ್ನು ಇಡೀ ಓಣಿ ನುಂಗಿ ನೀರು ಕುಡಿದಿತ್ತು. ಯಾಕೆ ಅಳುತ್ತಿದ್ದೇನೆಂದು ಹೇಳಿದಾಗ ಚಿಗವ್ವನ ಮುಖ ಬಿಳಿಚಿತು. ಅವಳು ಆವತ್ತು ತನ್ನ ಒಲೆ ಹಚ್ಚಲಿಲ್ಲ.

ಮರದ ನೆರಳಿಗಿದ್ದ ಸುಮಾರು ನಲವತ್ತು ಗಿಡ ಇನ್ನೂ ಹಸಿಯಾಗಿದ್ದರಿಂದ ಉಳಿದಿದ್ದವು. ನಲವತ್ತರಲ್ಲಿ ನಾಲ್ಕಕ್ಕೊಂದು ಎಂದರೂ ಹತ್ತು! ನಾನು ಕಣ್ಣೊರೆಸಿಕೊಂಡೆ. ಅವು ಒಣಗಿದ ಮೇಲೆ ಒಂದೊಂದು ಗಿಡವನ್ನೂ ಬೇರೆ ಬೇರೆ ಬೀಸಿ, ಒಂದೊಂದು ಸಣ್ಣ ಚಪಾತಿ ಹಾಕಿ ಕೇಳಿದೆ. ಹತ್ತು ಹಾಕಿದೆ, ಭೋಂ. ಇಪ್ಪತ್ತು ಹಾಕಿದೆ, ಭೋಂ. ಕೊನೆಯದೂ ಭೋಂ. ಕೂಡುರಸ್ತೆಯಲ್ಲಿ ಅಪ್ಪ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿಕೊಂಡು ನಿಂತೇ ಇದ್ದ. ಆ ರಾತ್ರಿ ನಾನು ಬಟಾಣಿಯ ಮೇಲೆ ಕೂಡ ನಂಬಿಕೆ ಕಳೆದುಕೊಂಡೆ.

ಬಸ್ಸಿನಲ್ಲಿ ಅರ್ಧ ದಿನದ ದಾರಿಗೆ ಒಂದು ಗೋಧಿ ಸಂಶೋಧನೆಯ ತೋಟವಿದೆ. ಅಲ್ಲಿನ ಡಾಕ್ಟರ್ ವಿಮಲಾ ತೆಗ್ಗಿನಮನಿ ಎಂಬವರ ಮುಂದೆ ಹೋಗಿ ನಿಂತೆ. ಅವರು ಹೊಲದಲ್ಲೇ ಇದ್ದರು. ತಲೆಗೆ ಟವೆಲು ಸುತ್ತಿಕೊಂಡು, ನಾನು ಹಾಕಿದಂಥದೇ ಟೊಪ್ಪಿಗೆಗಳನ್ನು ತಡವಾಗಿ ಬಿತ್ತಿದ ಸಾಲು ಸಾಲು ತೆನೆಗಳಿಗೆ ಹಾಕುತ್ತಿದ್ದರು. ನಮ್ಮೂರಿನ ಹೆಸರು ಕೇಳಿದ ಕೂಡಲೇ, ‘ಓ, ಆ ಊರಿನ ಗೋಧಿನಾ?’ ಎಂದು ಟೊಪ್ಪಿಗೆಗಳನ್ನು ಪಕ್ಕಕ್ಕಿಟ್ಟರು. ನನ್ನ ಕಥೆಯನ್ನೆಲ್ಲ ಕೇಳಿ, ಕೊನೆಗೆ ನಾಲ್ಕರಲ್ಲೊಂದು ಎಂದದ್ದಕ್ಕೆ ಹಣೆ ತಟ್ಟಿಕೊಂಡು ನಕ್ಕರು.

‘ಟೀಚರ್, ನೀವು ಬಟಾಣಿ ಲೆಕ್ಕ ತಂದು ಗೋಧಿಗೆ ಹಚ್ಚೀರಿ. ಬಟಾಣಿ ಒಬ್ಬನೇ ಮಗ ಇರೋ ಮನಿ. ಗೋಧಿ ಹಂಗಲ್ರಿ. ಯಾವಾಗೋ ಮೂರು ಬ್ಯಾರೆ ಬ್ಯಾರೆ ಹುಲ್ಲು ಕೂಡಿ ಒಂದ ಗಿಡ ಆಗ್ಯಾವು. ಮೂರು ಮಂದಿ ಅಣ್ಣತಮ್ಮಂದ್ರು ಒಂದ ಸೂರಿನ ಕೆಳಗ ಇನ್ನೂ ಪಾಲಾಗದ ಕೂತಾರು ಅಂತ ತಿಳೀರಿ. ನಿಮ್ಮ ಚಿಗವ್ವನ ದನಿ ಮೂವರ ಹತ್ರನೂ ಇರಬೇಕು. ಯಾವ ಒಬ್ಬ ಬಾಯಿ ತೆಗದ್ರೂ ಸಾಕು, ಭೋಂ. ನಿಮ್ಮಪ್ಪನ ದನಿ ಕೇಳಬೇಕಂದ್ರ ಮೂವರೂ ಒಮ್ಮೆಗೇ ಸುಮ್ಮನಾಗಬೇಕು.’

‘ಅಂದರೆ ನಾಲ್ಕರಲ್ಲೊಂದರ ನಾಲ್ಕರಲ್ಲೊಂದರ...’ ನಾನು ಬೆರಳು ಮಡಿಸತೊಡಗಿದೆ.

‘ಅರವತ್ತನಾಲ್ಕಕ್ಕ ಒಂದು. ಅದೂ ಅದೃಷ್ಟ ಇದ್ರ. ನಲವತ್ತು ನೋಡಿ ಕೈ ಚೆಲ್ಲಿದ್ರ ಹೆಂಗ್ರಿ? ಆ ಮೂರು ಗಿಡದ ಕಾಳು ಉಳದಾವೇನು?’

ಬೂದಿಯ ಡಬ್ಬಿ! ನಾನು ಅವರ ಮಣ್ಣುಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಬರುವಾಗ ಬಸ್ಸಿನಲ್ಲಿ ಕೂರಲಿಕ್ಕಾಗಲಿಲ್ಲ. ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದೆ. ದನಿ ಸತ್ತಿಲ್ಲ, ಇನ್ನೂ ಸರದಿ ಬಂದಿಲ್ಲ, ಅಷ್ಟೆ. ಪಕ್ಕದಲ್ಲಿ ಕೂತಿದ್ದ ಮುದುಕಿಗೆ ಮೂವರು ಅಣ್ಣತಮ್ಮಂದಿರ ವಿಷಯ ಹೇಳಿದೆ. ಅವಳು, ‘ಮೂವರೂ ಒಮ್ಮೆಗೇ ಸುಮ್ಮನಾಗೂದು ಆಗದ ಮಾತು ಬಿಡವಾ, ನಮ್ಮನಿಯಾಗ ನೋಡೀನಿ,’ ಎಂದಳು.

ಕಾರ್ತಿಕದಲ್ಲಿ ಡಬ್ಬಿಯ ಕಾಳನ್ನೆಲ್ಲ ಊರಿದೆವು. ಚಿಗವ್ವ ತನ್ನ ಹೊಲದ ನಡುವಿನ, ಎಲ್ಲಕ್ಕಿಂತ ಒಳ್ಳೆಯ ಪಟ್ಟೆಯನ್ನೇ ಬಿಟ್ಟುಕೊಟ್ಟಳು. ಕಳೆ ಕೀಳಲು ಯಾರನ್ನೂ ಹತ್ತಿರ ಬಿಡಲಿಲ್ಲ, ತಾನೇ ಕಿತ್ತಳು. ತುಕ್ಕು ಮತ್ತೆ ಬಂತು. ಕಾಲು ಭಾಗದಷ್ಟು ಗಿಡಗಳ ಮೇಲೆ ಕೆಂಪು ಹುಡಿ ಕಂಡಿತು, ಅವನ್ನು ಅಲ್ಲಲ್ಲೇ ಕಿತ್ತು ಸುಟ್ಟೆವು. ಒಂದೊಂದು ಗಿಡ ಕಿತ್ತಾಗಲೂ, ಅಪ್ಪನ ದನಿ ಇದರಲ್ಲೇ ಇದ್ದಿದ್ದರೆ ಎಂದು ಅನ್ನಿಸುತ್ತಿತ್ತು. ಆದರೆ ತುಕ್ಕಿಗೆ ಬೀಳುವ ದನಿ ತಂದು ಏನು ಮಾಡಲಿ? ಇನ್ನೊಮ್ಮೆ ಅದನ್ನು ಕಳೆದುಕೊಳ್ಳುವ ತ್ರಾಣ ಅಪ್ಪನಿಗಿರಲಿಲ್ಲ, ನನಗೂ ಇರಲಿಲ್ಲ. ಆ ಹೊತ್ತಿಗೆ ಅವನು ಕೂಡುರಸ್ತೆಯಲ್ಲಿ ನಿಲ್ಲಲಾರದೆ ಕಟ್ಟೆಯ ಮೇಲೆ ಕೂರುತ್ತಿದ್ದ. ಎದುರಿನ ಸೈಕಲ್ ಅಂಗಡಿಯವರು ಒಂದು ಕಣ್ಣಿಟ್ಟಿರುತ್ತಿದ್ದರು. ತಲೆ ಮಾತ್ರ ಹಾಗೆಯೇ ಒಂದು ಕಡೆ ವಾಲಿರುತ್ತಿತ್ತು.

ಫಾಲ್ಗುಣದಲ್ಲಿ ಕೊಯ್ಲು. ಈ ಸಲ ಓಣಿಯ ಹೆಂಗಸರಿಗೆಲ್ಲ ಚಿಗವ್ವನೇ ತಾಕೀತು ಮಾಡಿದಳು: ‘ಒಂದು ಗಿಡದ ಕಾಳು ಇನ್ನೊಂದಕ್ಕ ಕೂಡಿತೋ, ನೋಡ್ರಿ ಮತ್ತ.’ ಒಂದೊಂದು ಗಿಡವೂ ಒಂದೊಂದು ಕಟ್ಟು, ಕಟ್ಟಿಗೊಂದು ಹಳೇ ಸೀರೆಯ ಚೂರು. ಒಂದು ಕಟ್ಟು ಬೀಸಿದ ಮೇಲೆ ಬೀಸುಕಲ್ಲನ್ನು ಬಟ್ಟೆಯಿಂದ ಒರೆಸಿ ಇನ್ನೊಂದು. ಅರ್ಧ ಕಾಳು ಚಪಾತಿಗೆ, ಅರ್ಧ ಬೀಜಕ್ಕೆಂದು ಬಟ್ಟಲಿಗೆ. ಪ್ರತಿ ಸಂಜೆ ಎಂಟ್ಹತ್ತು ಕಟ್ಟು, ನಮ್ಮ ಮನೆಯ ಒಲೆಯ ಮೇಲೆಯೇ. ‘ಬಂದ್ರ ಅವನ ಒಲೀ ಮ್ಯಾಲ ಬರಬೇಕು,’ ಎಂದು ಚಿಗವ್ವ ಹಟ ಹಿಡಿದಿದ್ದಳು. ಅಡುಗೆಮನೆಯಲ್ಲಿ ಜಾಗ ಸಾಲದೆ ಜನ ಪಡಸಾಲೆಯಲ್ಲಿ, ಅಂಗಳದಲ್ಲಿ, ಗೋಡೆಯ ಮೇಲೆ. ಚಪಾತಿ ಕೆಂಡದ ಮೇಲೆ ಬಿದ್ದರೆ ಊರೇ ಉಸಿರು ಹಿಡಿಯುತ್ತಿತ್ತು, ಭೋಂ ಎಂದ ಮೇಲೆ ಒಟ್ಟಿಗೆ ಬಿಡುತ್ತಿತ್ತು. ಆಮೇಲೆ ಇನ್ನೊಂದು. ಬೇಸರವೆಂಬುದೇ ಇರಲಿಲ್ಲ, ನಾಳೆ ಬಾ ಎಂದರೆ ಇನ್ನಿಬ್ಬರು ಹೆಚ್ಚಾಗಿ ಬರುತ್ತಿದ್ದರು. ಕಾಶಿ ಚಿಗವ್ವ ಮಾತ್ರ ತನ್ನದೇ ಗೋಧಿಯ ದನಿ ಕೇಳಿದಾಗಲೆಲ್ಲ ಸವತಿಯ ಹೆಸರು ಕೇಳಿದವಳ ಹಾಗೆ ಮುಖ ಕಿವಿಚುತ್ತಿದ್ದಳು.

ಅರವತ್ತನ್ನು ದಾಟಿ ನೂರರ ಹತ್ತಿರ ಬಂದಿದ್ದೆವು. ಒಂದು ಸಂಜೆ ಹಸಿರು ಚೂರು ಕಟ್ಟಿದ್ದ ಗಿಡ. ನಾನೇ ಲಟ್ಟಿಸಿದೆ, ಹಂಚಿನ ಮೇಲೆ ಮಗುಚಿದೆ, ಕೆಂಡಕ್ಕೆ ಇಳಿಸಿದೆ. ಅದು ಉಬ್ಬಿತು. ಅಂಚು ಬಾಯಿ ಬಿಡಲು ಉಳಿದವುಗಳಿಗಿಂತ ತುಸು ಹೊತ್ತು ಹಿಡಿಯಿತು. ಆಮೇಲೆ, ಕೊಡದ ಬಾಯಿಗೆ ತುಟಿ ಹಚ್ಚಿದಂತೆ ಮೆಲ್ಲಗೆ ಶುರುವಾಯಿತು. ಉದ್ದಕ್ಕೆ ಹೋಯಿತು. ಕೊನೆಗೆ ಏನೋ ಕೇಳುವವರ ಹಾಗೆ ಮೇಲೆದ್ದು ನಿಂತಿತು.

ಚಪಾತಿಯನ್ನು ಕೆಂಡದಿಂದ ತೆಗೆಯಬೇಕೆಂಬುದೂ ನನಗೆ ಮರೆತುಹೋಗಿ ಒಂದು ಅಂಚು ಕಪ್ಪಾಯಿತು. ಚಿಗವ್ವ ಕೈ ಚಾಚಿ ಅದನ್ನು ಬರಿಗೈಯಿಂದಲೇ ಎತ್ತಿ ತಟ್ಟೆಗೆ ಹಾಕಿದಳು. ಆಗ ಹೊರಗೆ ಚಪ್ಪಲಿ ಎಳೆಯುವ ಸದ್ದು. ಅಂಗಳದಲ್ಲಿದ್ದವರು ಎರಡು ಪಾಲಾಗಿ ಸರಿದು ದಾರಿ ಬಿಟ್ಟರು. ಅಪ್ಪ ಯಾರನ್ನೂ ನೋಡಲಿಲ್ಲ. ಬಚ್ಚಲ ಬಳಿ ಕಾಲು ತೊಳೆದ, ಪಂಚೆಯ ಅಂಚಿಗೆ ಮುಖ ಒರೆಸಿಕೊಂಡ, ಬಂದು ತನ್ನ ಮಣೆಯ ಮೇಲೆ ಕೂತ.

‘ಎಷ್ಟೊತ್ತ ಮಾಡೂದು?’ ಎಂದ. ‘ಅಲ್ಲೇ ಕುಂತು ಕುಂತು ನನ್ನ ಟೊಂಕ ಬಿತ್ತು.’

ನಾನು ತಟ್ಟೆಗೆ ಪುಂಡಿಪಲ್ಲೆ ಬಡಿಸಿದೆ, ತುಪ್ಪ ಹಾಕಿದೆ. ತುಪ್ಪ ಹೆಚ್ಚಾಗಿಯೇ ಬಿತ್ತು. ಅಪ್ಪ ಉಂಡ. ಬಾಗಿಲ ಬಳಿಯ ಪರಕೀಯನ ಹಾಗಲ್ಲ, ತನ್ನ ಮನೆಯಲ್ಲಿ ಕೂತವನ ಹಾಗೆ, ಗಲ್ಲ ತುಂಬ ಅಗಿದು ಉಂಡ. ಅಂಗೈಯಗಲದ ಚಪಾತಿ ಎಷ್ಟು ಹೊತ್ತು ಬರುತ್ತದೆ? ತಟ್ಟೆಯನ್ನು ಬೆರಳಿಂದ ಬಳಿದು ಮುಂದೆ ಸರಿಸಿದ.

‘ಇನ್ನೊಂದು ಹಾಕು.’

ಹಿಟ್ಟು ಅಷ್ಟೇ ಇತ್ತು. ಹಸಿರು ಚೂರಿನ ಗಿಡದಲ್ಲಿ ಉಳಿದದ್ದು ಬಟ್ಟಲಿನ ಕಾಳು, ಬೀಜದ ಪಾಲು. ಆ ದನಿ ಇದ್ದ ಬೀಜ ಲೋಕದಲ್ಲಿ ಅಷ್ಟೇ. ಬಿತ್ತಿದರೆ ಮುಂದಿನ ವರ್ಷ. ಆದರೆ ಮುಂದಿನ ವರ್ಷದ ತನಕ ಅಪ್ಪನ ಟೊಂಕ ತಡೆಯುತ್ತದೆಂದು ಯಾರು ಬರೆದುಕೊಟ್ಟಿದ್ದರು? ಇವತ್ತು ಹಸಿದಿದ್ದಾನೆ, ಇವತ್ತು ಕೇಳುತ್ತಿದ್ದಾನೆ, ಮೂರು ವರ್ಷದಲ್ಲಿ ಮೊದಲ ಸಲ ಇನ್ನೊಂದು ಬೇಕು ಅನ್ನುತ್ತಿದ್ದಾನೆ. ಬೀಜ ಹಾಳಾಗಿ ಹೋಗಲಿ. ನಾನು ಬಟ್ಟಲಿಗೆ ಕೈ ಹಾಕಿ ಮುಷ್ಟಿ ತುಂಬ ಎತ್ತಿದೆ. ‘ಲೀಲಾ, ಬ್ಯಾಡ,’ ಎಂದು ಚಿಗವ್ವ ಮೆಲ್ಲಗೆ ಅಂದದ್ದು ಕೇಳಿಸಿತು, ನಾನು ಬೀಸುಕಲ್ಲಿನ ಕಡೆ ತಿರುಗಿದೆ.

ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳು ಚಟ್ಟೆಂದು ಬಿದ್ದವು.

‘ಬಿತ್ತೋ ಕಾಳಿಗೆ ಬಾಯಿ ಹಾಕಬ್ಯಾಡ, ಗುಬ್ಬಿ,’ ಎಂದ ಅಪ್ಪ. ‘ಕೈ ತೋರಸು.’

ನಾನು ಮುಷ್ಟಿ ಸಡಿಲಿಸಿ ಕಾಳನ್ನೆಲ್ಲ ಬಟ್ಟಲಿಗೆ ಸುರಿದೆ. ಬೆರಳ ಸಂದಿಯಲ್ಲಿ ಒಂದು ಅಂಟಿಕೊಂಡಿತ್ತು, ಅದನ್ನೂ ಕೊಡವಿದೆ. ಎರಡೂ ಕೈ ಬಿಚ್ಚಿ ತೋರಿಸಿದೆ.